ಕುಲಾವಿ ಬಿಚ್ಚಿದ ಮೇಲೆ

ಚಳಿಗೆ ಕೈ ಉಜ್ಜಿಕೊಳ್ಳುತ್ತ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಅಜ್ಜಂದಿರು.

“ನಿನ್ನೆ ಪಾರ್ಕಲ್ಲಿ ಎಳೆಬಿಸಿಲು ಕಾಯಿಸ್ಕೊಂಡು, ಬೇರೆ ಯಾರದೋ ಮೊಮ್ಮಗನನ್ನ ಮನೆಗೆ ಕರ್ಕೊಂಡು ಹೋದೆ ಕಣಯ್ಯ.”

“ಗೊತ್ತಾಗಲಿಲ್ವಾ?”

“ಕುಲಾವಿ, ಮಫ್ಲರು ಸುತ್ತಿದ್ರೆ ಎಲ್ಲ ಒಂದೇ. ಕಾಣೋದು ಎರಡು ಕಣ್ಣು, ಒಂದು ಸುರಿಯೋ ಮೂಗು.”

“ಮಗು ಅಳಲಿಲ್ವಾ?”

“ತಾತ ಅಂತ ಬೆರಳು ಹಿಡ್ಕೊಂಡೇ ಬಂತು. ಕೊಟ್ಟ ಹಾಲು ತಕರಾರಿಲ್ಲದೆ ಕುಡೀತು. ಆಗಲೇ ನಮ್ಮವಳಿಗೆ ಅನುಮಾನ ಬಂದು ಕುಲಾವಿ ಬಿಚ್ಚಿದ್ದು.”

“ಅಯ್ಯೋ! ನಿನ್ನ ಮೊಮ್ಮಗ?”

“ಆ ಹುಡುಗನ ಅಜ್ಜ ಕರ್ಕೊಂಡು ಹೋಗಿದ್ದ. ಅಲ್ಲಿ ತಟ್ಟೆ ತುಂಬ ತರಕಾರಿ ತಿಂದನಂತೆ.”

“ಸೊಸೆ ಏನಂದಳು?”

“ಜನ್ಮ ಜಾಲಾಡಿದಳು. ಮೊಮ್ಮಗನನ್ನ ವಾಪಸ್ ಕರ್ಕೊಂಡು ಬಂದ್ರೆ, ರಾತ್ರಿ ಊಟಕ್ಕೆ ಮತ್ತೆ ಅದೇ ದಿನದ ರಂಪ.”

ಬಸ್ಸು ಬಂತು. ಇಬ್ಬರೂ ಹತ್ತಿದರು, ಹಿಂದೆಯೇ ನಾನೂ.

“ಇವತ್ತಾದ್ರೂ ಮುಖ ನೋಡಿ ಕರ್ಕೊಂಡು ಬಾರಯ್ಯ.”

“ಬೇಡವಂತೆ. ಊಟದ ಹೊತ್ತಿಗೆ ಬದಲಾಯಿಸ್ಕೊಂಡೇ ಬನ್ನಿ ಅಂತ ಸೊಸೆ ಹೇಳಿ ಕಳಿಸಿದಾಳೆ.”