ಓದುವವನಿಗೆ ಬಂದ ನಿದ್ದೆ

ಹ್ಯಾಲಿಫ್ಯಾಕ್ಸಿನ ಹೆರಿಗೆ ಕ್ಲಿನಿಕ್ಕಿನಲ್ಲಿ, ಒಳಗೆ ಹೋದ ಸೊಸೆಗಾಗಿ ಕಾಯುತ್ತ ಜಪ ಮಾಡುತ್ತಿದ್ದೆ. ಎದುರು ಬೆಂಚಿನಲ್ಲಿ ತುಂಬು ಬಸುರಿ ಹೆಟ್ಟಿ, ಪಕ್ಕದಲ್ಲಿ ಗಂಡ ನೀಲ್. ಬಸುರಿ ತನ್ನನ್ನು ತಾನೇ ಅರೆನಿದ್ದೆಗೆ ಒಯ್ದುಕೊಂಡು ಹೆದರದೆ ಹೆರುವ ಅಭ್ಯಾಸವನ್ನು ಇಲ್ಲಿ ಕಲಿಸುತ್ತಾರೆ. ಅದಕ್ಕೆ ಇಲ್ಲಿ ಕೊಟ್ಟ ಹಾಳೆಯನ್ನು ದಿನಾ ಸಂಜೆ ಗಂಡ ಮೆಲುದನಿಯಲ್ಲಿ ಓದಿ ಹೇಳಬೇಕು.

“ನಿನ್ನೆನೂ ‘ರೆಪ್ಪೆ ಭಾರವಾಗ್ತಿದೆ’ ಅನ್ನೋ ಹೊತ್ತಿಗೆ ನೀನೇ ಗೊರಕೆ ಹೊಡೆದೆ, ನೀಲ್.”

“ಅಂದ್ರೆ ವಿದ್ಯೆ ಕೆಲಸ ಮಾಡುತ್ತೆ ಅಂತಾಯ್ತು.”

“ನಿನ್ನ ಮೇಲೆ. ಹೆರೋಳು ನಾನು ಕಣಯ್ಯಾ.”

“ಹೆರಿಗೆ ದಿನ ಮಲಗಲ್ಲ, ಚಿನ್ನ.”

“ಮೊದಲನೇ ಸಲ ಹೆದರಿ ಉಸಿರೇ ಕಟ್ಟಿತ್ತು ನಂಗೆ. ಈ ಸಲ ನಿನ್ನ ದನಿ ಹಿಡ್ಕೊಂಡು ದಾಟ್ತೀನಿ ಅಂದ್ಕೊಂಡಿದ್ದೆ.”

ಅವನು ಕೈಲಿದ್ದ ಹಾಳೆಯನ್ನು ಮಡಚಿದ.

“ಅವತ್ತು ನಿನ್ನ ಹಾಗೆ ನೋಡಿದ್ಮೇಲೆ ನಂಗೆ ಸರಿಯಾಗಿ ನಿದ್ದೆನೇ ಇಲ್ಲ, ಹೆಟ್ಟಿ. ಇದನ್ನ ಓದೋವಾಗ ಮಾತ್ರ ಬರುತ್ತೆ.”

“ಇಷ್ಟು ವರ್ಷದಿಂದ?”

“ಹೂಂ.”

“ಬಾಯಿ ಬಿಟ್ಟು ಹೇಳೋದಲ್ವಾ, ಕತ್ತೆ.”

ದಾದಿ ಹೆಸರು ಕೂಗಿದಳು. ಹೆಟ್ಟಿ ಅವನ ಭುಜಕ್ಕೆ ಕೈಯೂರಿಕೊಂಡು ಎದ್ದಳು.

“ಇವತ್ತು ಮೊದಲು ನಾನು ಓದ್ತೀನಿ. ನೀನು ಮಲಗಿ ಎದ್ದು, ಆಮೇಲೆ ನಂಗೆ ಓದು.”

ಇಬ್ಬರೂ ಒಳಗೆ ಹೋದರು.