ಇಂದುಧರನ ಕೆಂಪು ಸ್ವೆಟರು ಕಾಣೆಯಾದ ಬಗ್ಗೆ

ಹೆಸರು ಕಾಂತಮ್ಮ, ಕೋಂ ಕಲ್ಲೇಶಪ್ಪ, ವಯಸ್ಸು 41, ಕಸುಬು ಮನೆಗೆಲಸ ಮತ್ತು ಉಣ್ಣೆ ಹೆಣಿಗೆ, ವಾಸ ಕೊಬ್ಬರಿ ಮಂಡಿ ಹಿಂಭಾಗ, ಅರಸೀಕೆರೆ.

ಠಾಣೆಗೆ ಖುದ್ದು ಬಂದು ಬರೆಸುವುದೇನೆಂದರೆ, ಹೊಯ್ಸಳರ ಕಾಲದಿಂದ ಇಂದಿನವರೆಗೆ ಈ ಸೀಮೆಯಲ್ಲಿ ಏಪ್ರಿಲ್ ಬಿಸಿಲಿನಲ್ಲಿ ಯಾರ ಸ್ವೆಟರೂ ಕಳುವಾದ ದಾಖಲೆಯಿಲ್ಲ. ನಮ್ಮದು ಆಗಿದೆ. ಬಣ್ಣ ಕೆಂಪು, ತುಂಬುತೋಳು, ಒಳಜೇಬು ಒಂದು.

ಸ್ವೆಟರು ನನ್ನ ಮೈದುನ ಇಂದುಧರನದು. ನಾನು ಮದುವೆಯಾಗಿ ಈ ಊರಿನ ಸ್ಟೇಷನ್ನಿನಲ್ಲಿ ಇಳಿದಾಗ ಅವನಿಗೆ ಒಂಬತ್ತು ವರ್ಷ. ನನ್ನ ಟ್ರಂಕಿನ ಒಂದು ಹಿಡಿಕೆ ಹಿಡಿದು ಮನೆವರೆಗೂ ಬಂದು, ಹೊತ್ತ ಕೂಲಿಯಾಗಿ ಸ್ವೆಟರು ಹೆಣೆದುಕೊಡಬೇಕೆಂದ. ಅವನು ಬೆಳೆದಂತೆಲ್ಲ ಅದನ್ನೇ ಬಿಚ್ಚಿ, ಉಣ್ಣೆ ಸೇರಿಸಿ ಹೆಣೆಯುತ್ತ ಬಂದೆ.

ಇಪ್ಪತ್ತು ದಾಟಿದ ಮೇಲೆ ಅವನಿಗೆ ಮನಸ್ಸಿನ ಕಾಯಿಲೆ ಬಂತು. ಮಾತ್ರೆ ನುಂಗುತ್ತಾನೆ, ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಾನೆ, ಮನೆಮಂದಿಯನ್ನೆಲ್ಲ ನಗಿಸುತ್ತಾನೆ. ಕಾಯಿಲೆ ಏರಿದಾಗ ಮಾತ್ರ ನಿದ್ದೆ ಬಿಟ್ಟು, ಬಿರುಬಿಸಿಲಲ್ಲಿ ಸ್ವೆಟರು ತೊಟ್ಟು ಸಿಕ್ಕಿದ ಲಾರಿ ಹತ್ತುತ್ತಾನೆ. ಹೋದಲ್ಲಿ ಹೆಂಗಸರ ಸಹವಾಸವೂ ಆಗುತ್ತದೆ. ಆಗ ಅವನಿಗೆ ಏಡ್ಸ್ ಭಯ ಹೊಳೆಯುವುದಿಲ್ಲ, ಅವನ ಬದಲು ನೀವು ಯೋಚಿಸಿ ಎಂದು ಹಾಸನದ ಡಾಕ್ಟರು ಹೇಳಿದರು. ಹೋದ ವರ್ಷ ರಕ್ತ ಪರೀಕ್ಷೆ ಮಾಡಿಸಿದೆವು. ದೇವರು ದೊಡ್ಡವನು, ಏನೂ ಇರಲಿಲ್ಲ.

ಅಂದಿನಿಂದ ಒಳಜೇಬಿಗೆ ನಿರೋಧ್ ಪೊಟ್ಟಣ ಇಡುವ ಕೆಲಸ ನನ್ನದು. ನನ್ನ ಯಜಮಾನರಿಗೆ ನಾಚಿಕೆ. ಇಂದುಧರನೋ, ಅತ್ತಿಗೆ, ಬುತ್ತಿ ಕಟ್ಟಿದ್ದೀರಾ ಎಂದು ನನ್ನನ್ನು ಛೇಡಿಸಿದ. ಬಾಯ್ಮುಚ್ಕೊಂಡು ಬಳಸೋ, ಮರೆತು ಬಂದ್ರೆ ಊಟ ಇಲ್ಲ ಎಂದೆ. ನಗಬೇಡಿ, ಬರೆದುಕೊಳ್ಳಿ.

ಮೊನ್ನೆ ಮಂಗಳವಾರ ನಾನು ತವರಿಗೆ ಹೋಗಿದ್ದಾಗ ಅತ್ತೆ ವೆಂಕಟಲಕ್ಷ್ಮಮ್ಮನವರು ಆ ಜೇಬಿಗೆ ಕೈ ಹಾಕಿದ್ದಾರೆ. ಥೂ, ಮನೆತನದ ಮಾನ ಹೋಯ್ತು ಎಂದು ಸ್ವೆಟರನ್ನೇ ಹಳೇಬಟ್ಟೆಗೆ ಪಾತ್ರೆ ಕೊಡುವವನಿಗೆ ಹಾಕಿ, ಸ್ಟೀಲ್ ಡಬರಿ ತೆಗೆದುಕೊಂಡಿದ್ದಾರೆ. ಆದಕಾರಣ ಮೇಲೆ ಕಳುವು ಎಂದದ್ದನ್ನು ಠಾಣೆಯವರು ದೊಡ್ಡದು ಮಾಡಬಾರದು. ಡಬರಿ ಗಟ್ಟಿಯಾಗಿದೆ.

ನಿನ್ನೆ ಮಧ್ಯಾಹ್ನ ಇಂದುಧರ ಮನೆಯೆಲ್ಲ ಸ್ವೆಟರು ಹುಡುಕಿ, ಸಿಗದೆ, ಬರೀ ಬಿಳಿ ಅಂಗಿಯಲ್ಲಿ ಬೇಲೂರು ಕಡೆಯ ಲಾರಿ ಹತ್ತಿದನೆಂದು ಮಂಡಿಯವರು ಹೇಳಿದರು. ಇನ್ನೂ ಬಂದಿಲ್ಲ. ಅತ್ತೆ ಹೊಸ ಡಬರಿಯಲ್ಲಿ ಅನ್ನ ಮಾಡಿ, ಉಣ್ಣದೆ ಕೂತಿದ್ದಾರೆ. ಇವತ್ತು ಬೆಳಿಗ್ಗೆ ಸೆರಗಿನ ಗಂಟು ಬಿಚ್ಚಿ, ಇದನ್ನ ಬಿಸಾಕಿರ್ಲಿಲ್ಲ ಕಣೇ, ತಗೊಂಡೋಗು ಎಂದು ಆ ಪೊಟ್ಟಣ ನನ್ನ ಕೈಗಿಟ್ಟರು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ಹೇಳಿದಷ್ಟೇ ಇದೆ, ಹೇಳಿದ್ದೆಲ್ಲ ನಿಜ.

ಸ್ಥಳ: ಅರಸೀಕೆರೆ
ದಿನಾಂಕ: 19-4-2001
ಸಹಿ: ಕಾಂತಮ್ಮ

ಸಹಿ ಹಾಕಿದ ಮೇಲೆ ಬರೆಸಿದ್ದು: ಪೊಟ್ಟಣವನ್ನು ಇದರ ಜೊತೆ ಲಗತ್ತಿಸಿದ್ದೇನೆ. ಹಳೇಬೀಡು, ಬಿಕ್ಕೋಡು ಕಡೆ ತಮ್ಮ ಪೊಲೀಸರಿಗೆ ಅವನು ಕಂಡರೆ, ಗದರಿಸುವ ಮೊದಲು ಇದನ್ನು ಅವನ ಅಂಗಿ ಜೇಬಿಗೆ ಹಾಕಿಬಿಡಿ. ಏನು ಎಂದು ಕೇಳಿದರೆ, ಅತ್ತಿಗೆ ಕಳಿಸಿದ ಬುತ್ತಿ ಅನ್ನಿ.