ಮೊದಲ ಊಟ ಯಾರ ಮನೆಯಲ್ಲಿ

೧೯೭೧ರ ಒಂದು ಮಧ್ಯಾಹ್ನ. ಶಿವಾಜಿನಗರದ ಬಸ್ ನಿಲ್ದಾಣದ ಕ್ಯೂನಲ್ಲಿ ನನ್ನ ಮುಂದೆ, ಸಿಂಗಪುರದಿಂದ ರಜೆಗೆ ಬಂದಿದ್ದ ಗಂಡಹೆಂಡತಿ ಸೂಟ್‌ಕೇಸ್ ಹಿಡಿದು ನಿಂತಿದ್ದರು.

“ಕೋಕಿಲಾ, ನನ್ನ ಕೈಲಿ ಇನ್ನೊಂದು ತುತ್ತೂ ಆಗಲ್ಲ. ನಮ್ಮಮ್ಮ ಹೋಳಿಗೆ ಮೇಲೆ ಹೋಳಿಗೆ ಬಡಿಸಿದಾರೆ.”

“ತಿನ್ನಲೇಬೇಕು ರೀ. ಊರಿಗೆ ಬಂದ ಮಗಳ ಮೊದಲ ಊಟ ತನ್ನ ಮನೇಲೇ ಅಂತ ನಮ್ಮಮ್ಮ ಕಾಯ್ತಿದಾರೆ.”

“ಬೆಳಿಗ್ಗೇನೇ ಬಂದ್ವಿ ಅಂತ ಹೇಳ್ಬಿಡೋಣ.”

“ಅತ್ತೆ ಮನೆಗೆ ಮೊದಲು ಹೋದೆ ಅಂತ ಗೊತ್ತಾದ್ರೆ ಅತ್ತುಬಿಡ್ತಾರೆ. ರೈಲು ಈಗ ಬಂತು ಅನ್ನಿ. ಅದಕ್ಕೇ ತಾನೇ ಖಾಲಿ ಸೂಟ್‌ಕೇಸ್ ತಂದಿರೋದು?”

ನನ್ನ ಹಿಂದಿದ್ದ ಹಿರಿಯರೊಬ್ಬರು ಕೆಮ್ಮಿದರು. ಆಕೆ ತಿರುಗಿ ನೋಡಿ ಬೆಚ್ಚಿಬಿದ್ದಳು.

“ಅಪ್ಪಾ! ನೀವಿಲ್ಲಿ?”

“ನಿಮ್ಮನ್ನ ಕರ್ಕೊಂಡು ಬರ್ತೀನಿ ಅಂತ ಸ್ಟೇಷನ್‌ಗೆ ಹೊರಟಿದ್ದೆ ಕಣಮ್ಮ. ದಾರೀಲಿ ಹೋಟೆಲ್‌ನಲ್ಲಿ ಜಾಮೂನು ತಿಂತಾ ಕೂತ್ಬಿಟ್ಟೆ. ರೈಲಿನ ಹೊತ್ತು ಮೀರಿಹೋಯ್ತು.”

“ಸಕ್ಕರೆ ಕಾಯಿಲೆ ಇಟ್ಕೊಂಡು ಜಾಮೂನಾ? ಅಮ್ಮನಿಗೆ ಗೊತ್ತಾದ್ರೆ?”

“ನೀನು ಹೇಳ್ಬೇಡ, ನಾನೂ ಹೇಳಲ್ಲ.”

ಅಷ್ಟರಲ್ಲಿ ತಿಪ್ಪಸಂದ್ರದ ಬಸ್ಸು ಬಂತು. ಹಿರಿಯರು ನನ್ನನ್ನು ದಾಟಿ ಮುಂದೆ ಹೋಗಿ, ಅಳಿಯನ ಬೆನ್ನಿಗೆ ಕೈಹಾಕಿ ಮೆಟ್ಟಿಲು ಹತ್ತಿಸಿದರು.

“ರೈಲು ಲೇಟು, ನಾವು ಸ್ಟೇಷನ್‌ನಲ್ಲೇ ಸಿಕ್ಕಿದ್ವಿ, ಮೂರು ಜನಕ್ಕೂ ಹೊಟ್ಟೆ ಹಸೀತಿದೆ. ಹತ್ತಿ ಅಳಿಯಂದ್ರೇ!”